ಮಗುವಿನ ಊಟಕ್ಕೆ ಅಡುಗೆಮನೆಯಲ್ಲಿ ಏನೇನು ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ 6 ತಿಂಗಳು ಹತ್ತಿರವಾದಂತೆ ಮನೆಯಲ್ಲಿ ಸಾಮಾನಿನ ಪಟ್ಟಿ ಶುರುವಾಗುತ್ತದೆ. ಯಾವ ಮಿಕ್ಸಿ, ಯಾವ ಸ್ಟೀಮರ್, ಎಷ್ಟು ಡಬ್ಬಿ? ನಾನೂ ಅಂಥ ಪಟ್ಟಿ ಬರೆದಿದ್ದೆ. ಎರಡು ಮಕ್ಕಳನ್ನು ಊಟಕ್ಕೆ ಕೂರಿಸಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಒಂದೇ: ಮಗುವಿನ ಬಾಯಿ ಏನು ಕಲಿಯುತ್ತಿದೆಯೋ ಅದಕ್ಕೆ ತಕ್ಕ ಸಾಮಾನು ಕೈಗೆ ಬರಬೇಕು. ನಮ್ಮ ಹತ್ತಿರ ಯಾವ ಯಂತ್ರ ಇದೆ ಅನ್ನುವುದು ಮಗುವಿನ ಊಟವನ್ನು ತೀರ್ಮಾನಿಸಬಾರದು. ಹೊಸ ಅಪ್ಪ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಶುರು ಮಾಡಲು ಅತಿ ಕಡಿಮೆ ಅಂದರೆ ಏನೇನು ಇರಬೇಕು?

ಮುಚ್ಚಳವಿರುವ ಒಂದು ಸಣ್ಣ ಪಾತ್ರೆ. ಅದರೊಳಗೆ ಕೂರುವ ತೂತಿನ ತಟ್ಟೆ. ಸಣ್ಣ ಕಣ್ಣಿನ ಸ್ಟೀಲ್ ಜರಡಿ. ಒಂದು ಫೋರ್ಕ್, ಒಂದು ಹರಿತವಾದ ಚಾಕು, ಎರಡು ಚಿಕ್ಕ ಚಮಚ, ಒಂದು ಬಟ್ಟಲು. ಇಷ್ಟಿದ್ದರೆ ಮೊದಲ ಎರಡು ತಿಂಗಳು ಆರಾಮಾಗಿ ನಡೆಯುತ್ತದೆ.

ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು, ಆಮೇಲೆ ಹಾಲಿನ ಜೊತೆ ಬೇರೆ ಊಟ ಶುರು ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಊಟ ಶುರುವಾಗುವುದೇ ಒಂದು ಹೊತ್ತಿಗೆ ಎರಡು ಮೂರು ಚಮಚದಿಂದ. ಅಷ್ಟು ಸ್ವಲ್ಪವನ್ನು ಬೇಯಿಸಿ ಕಿವುಚಲು ದೊಡ್ಡ ಯಂತ್ರ ಬೇಡ. ಮೊದಲು ಶುರು ಮಾಡಿ. ಎಲ್ಲಿ ಕೈ ಕಟ್ಟುತ್ತದೋ ನೋಡಿ, ಆಮೇಲೆ ಕೊಳ್ಳಿ.

ಮಿಕ್ಸಿ ಇಲ್ಲದೆ ಆಗುತ್ತಾ?

ಹಣ್ಣು ತರಕಾರಿಗಳ ಮಟ್ಟಿಗೆ ಖಂಡಿತ ಆಗುತ್ತದೆ. ಮಾಗಿದ ಬಾಳೆಹಣ್ಣು, ಚೆನ್ನಾಗಿ ಬೆಂದ ಕುಂಬಳಕಾಯಿ, ಸಿಹಿಗೆಣಸು, ಕ್ಯಾರೆಟ್ ಇವೆಲ್ಲ ಫೋರ್ಕಿಗೆ ಬಗ್ಗುತ್ತವೆ. ಮಿಕ್ಸಿ ನಿಜವಾಗಿ ಕೆಲಸಕ್ಕೆ ಬರುವುದು ಮಾಂಸಕ್ಕೆ. ಬೆಂದ ಕೋಳಿ ಮಾಂಸ ಎಷ್ಟು ಹಿಸುಕಿದರೂ ನಾರುನಾರಾಗಿಯೇ ಉಳಿಯುತ್ತದೆ. 6 ತಿಂಗಳ ಹೊತ್ತಿಗೆ ಮಗುವಿನ ಮೈಯಲ್ಲಿ ಹುಟ್ಟಿನಿಂದ ಇದ್ದ ಕಬ್ಬಿಣದ ಅಂಶ ಕರಗುತ್ತಾ ಬಂದಿರುತ್ತದೆ. ಮಾಂಸ ತಿನ್ನುವ ಮನೆಯಾದರೆ ಅದನ್ನು ನುಣ್ಣಗೆ ಮಾಡಿಕೊಡಲು ಮಿಕ್ಸಿ ಒಳ್ಳೆಯ ದಾರಿ.

ಮಿಕ್ಸಿಯಲ್ಲಿ ನನಗೆ ಕಾಣುವ ತೊಂದರೆ ಬೇರೆ. ಜಾರಿನಲ್ಲಿ ಊಟ ತಿರುಗಲಿ ಅಂತ ನಾವು ನೀರು ಹಾಕುತ್ತೇವೆ. ಇನ್ನೂ ತಿರುಗದಿದ್ದರೆ ಇನ್ನಷ್ಟು ಹಾಕುತ್ತೇವೆ. ಕೊನೆಗೆ ಬಟ್ಟಲಲ್ಲಿ ಇರುವುದು ತೆಳ್ಳಗಿನ ಗಂಜಿ. ಮಗುವಿನ ಹೊಟ್ಟೆ ಚಿಕ್ಕದು, ಪ್ರತಿ ಕಿಲೋ ತೂಕಕ್ಕೆ ಸುಮಾರು 30 ಮಿಲಿಲೀಟರ್ ಹಿಡಿಸುತ್ತದೆ ಅಂತ ಲೆಕ್ಕ. 8 ಕಿಲೋ ಮಗುವಿಗೆ ಅದು 240 ಮಿಲಿಲೀಟರ್, ಅಂದರೆ ಒಂದು ಲೋಟ. 6ರಿಂದ 8 ತಿಂಗಳ ಮಗುವಿಗೆ ತಾಯಿ ಹಾಲಲ್ಲದೆ ಊಟದಿಂದ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಸಿಗಬೇಕು. ಆ ಪುಟ್ಟ ಹೊಟ್ಟೆಯನ್ನು ನೀರಿನಿಂದ ತುಂಬಿಸಿದರೆ ಮಗು ಎಲ್ಲಿಂದ ಬೆಳೆಯಬೇಕು ಹೇಳಿ? ಹಾಗಾಗಿ ಚಮಚವನ್ನು ಓರೆ ಮಾಡಿ ನೋಡಿ. ಊಟ ಹರಿದು ಬೀಳಬಾರದು, ಚಮಚದ ಮೇಲೇ ನಿಲ್ಲಬೇಕು.

ಕೊಳ್ಳುವುದೇ ಆದರೆ ಮಿಕ್ಸಿಯ ಸಣ್ಣ ಜಾರಾ, ಹ್ಯಾಂಡ್ ಬ್ಲೆಂಡರಾ?

ಮನೆಯಲ್ಲಿ ಈಗಾಗಲೇ ಮಿಕ್ಸಿ ಇದ್ದರೆ ಅದರ ಅತಿ ಸಣ್ಣ ಜಾರು ಸಾಕು. ದೊಡ್ಡ ಜಾರಿನಲ್ಲಿ ನಾಲ್ಕು ಚಮಚ ಹಾಕಿದರೆ ಎಲ್ಲ ಗೋಡೆಗೆ ಹಾರಿ ಅಂಟುತ್ತದೆ, ಬ್ಲೇಡು ಖಾಲಿ ತಿರುಗುತ್ತದೆ. ಹ್ಯಾಂಡ್ ಬ್ಲೆಂಡರಿನ ಸುಖ ಏನೆಂದರೆ ಬೇಯಿಸಿದ ಪಾತ್ರೆಯಲ್ಲೇ ಅರೆಯಬಹುದು, ತೊಳೆಯುವುದೂ ಕಡಿಮೆ. ಆದರೆ ಬ್ಲೇಡು ಮುಳುಗುವಷ್ಟು ಆಳ ಬೇಕು. ಆದ್ದರಿಂದ ಅಗಲ ಪಾತ್ರೆ ಬಿಟ್ಟು ಎತ್ತರದ ಕಿರಿದಾದ ಪಾತ್ರೆಗೆ ಸುರಿದುಕೊಳ್ಳಿ.

ಎರಡು ಎಚ್ಚರಿಕೆ. ಬಿಸಿಬಿಸಿ ಊಟವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಬೇಡಿ. ಒಳಗಿನ ಹಬೆ ಹಿಗ್ಗಿ ಮುಚ್ಚಳವನ್ನು ಎತ್ತಿ ಎಸೆಯುತ್ತದೆ, ಮುಖ ಕೈ ಸುಡುತ್ತದೆ. ಸ್ವಲ್ಪ ಆರಲು ಬಿಡಿ, ಜಾರಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಇನ್ನು ಹ್ಯಾಂಡ್ ಬ್ಲೆಂಡರಿನ ಬ್ಲೇಡಿಗೆ ಸಿಕ್ಕಿಕೊಂಡದ್ದನ್ನು ಬೆರಳಿನಿಂದ ತೆಗೆಯುವ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಒಂದು ಕೈಯಲ್ಲಿ ಮಗು ಇರುವಾಗ ಇನ್ನೊಂದು ಕೈ ಗುಂಡಿ ಒತ್ತಿಬಿಡುವುದು ಬಹಳ ಸುಲಭ.

ಆಲೂಗಡ್ಡೆ ಅರೆದರೆ ಗೋಂದಿನ ಹಾಗೆ ಆಗುತ್ತದಲ್ಲ, ಯಾಕೆ?

ಆಲೂಗಡ್ಡೆಯಲ್ಲಿ ಪಿಷ್ಟ ಜಾಸ್ತಿ. ವೇಗವಾಗಿ ತಿರುಗುವ ಬ್ಲೇಡು ಅದರ ಕಣಗಳನ್ನು ಒಡೆದು ಪಿಷ್ಟವನ್ನೆಲ್ಲ ಹೊರಗೆ ಬಿಡಿಸುತ್ತದೆ, ಅದೇ ಅಂಟು. ಬಿಸಿಯಿರುವಾಗಲೇ ಫೋರ್ಕ್ ಅಥವಾ ಮ್ಯಾಶರ್‌ನಿಂದ ಹಿಸುಕಿ, ಇಲ್ಲವೇ ಜರಡಿಯಲ್ಲಿ ಒತ್ತಿ ತೆಗೆಯಿರಿ. ಹೂವಿನ ಹಾಗೆ ಬರುತ್ತದೆ.

ಜರಡಿಯಿಂದ ಮಗುವಿನ ಊಟಕ್ಕೆ ಏನು ಉಪಯೋಗ?

ಕೇಳಿದ್ದು ಒಳ್ಳೆಯದಾಯಿತು, ನನಗೆ ಅತಿ ಪ್ರೀತಿಯ ಸಾಮಾನು ಇದು. ಬಟಾಣಿಯ ಸಿಪ್ಪೆ, ಟೊಮೇಟೊ ಬೀಜ, ಬೀನ್ಸ್‌ನ ನಾರು ಇವನ್ನು ಮಿಕ್ಸಿ ಚೂರು ಮಾಡುತ್ತದೆ ಅಷ್ಟೆ, ತೆಗೆಯುವುದಿಲ್ಲ. ಆ ಚೂರು ಮಗುವಿನ ಅಂಗುಳಿಗೆ ಅಂಟಿಕೊಂಡರೆ ಓಕರಿಕೆ ಬರುತ್ತದೆ. ಜರಡಿಯನ್ನು ಬಟ್ಟಲ ಮೇಲಿಟ್ಟು, ಬೆಂದದ್ದನ್ನು ಹಾಕಿ, ಸೌಟಿನ ಬೆನ್ನಿನಿಂದ ಒತ್ತುತ್ತಾ ತಿರುಗಿಸಿ. ಸಿಪ್ಪೆ ಮೇಲೆ ಉಳಿಯುತ್ತದೆ, ತಿರುಳು ಕೆಳಗೆ ಬೀಳುತ್ತದೆ. ಜರಡಿಯ ಅಡಿಗೆ ಅಂಟಿದ್ದನ್ನು ಚಮಚದಿಂದ ಬಳಿದುಕೊಳ್ಳುವುದನ್ನು ಮರೆಯಬೇಡಿ, ಒಳ್ಳೆಯ ಭಾಗವೇ ಅಲ್ಲಿರುತ್ತದೆ. ನೀರು ಸೇರಿಸುವ ಅಗತ್ಯವೇ ಬರುವುದಿಲ್ಲ, ಊಟ ಗಟ್ಟಿಯಾಗಿಯೇ ಇರುತ್ತದೆ.

ತಕ್ಷಣ ತೊಳೆಯಿರಿ. ಒಣಗಿದ ಮೇಲೆ ಕಣ್ಣುಗಳಲ್ಲಿ ಕೂತದ್ದನ್ನು ಬಿಡಿಸಲು ಬ್ರಷ್ ಬೇಕಾಗುತ್ತದೆ.

ಹಬೆಯಲ್ಲಿ ಬೇಯಿಸಬೇಕಾ, ನೀರಿನಲ್ಲಾ, ಕುಕ್ಕರಿನಲ್ಲಾ?

ಮೂರರಲ್ಲೂ ಆಗುತ್ತದೆ. ವಿಟಮಿನ್ ಸಿ ಮತ್ತು ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ನೀರಿನಲ್ಲಿ ಮುಳುಗಿಸಿ ಬೇಯಿಸಿ ಆ ನೀರು ಚೆಲ್ಲಿದರೆ ಅವೂ ಹೋದವು. ಹಬೆಯಲ್ಲಿ ಈ ನಷ್ಟ ಕಡಿಮೆ. ನೀರಿನಲ್ಲಿ ಬೇಯಿಸಿದರೂ ಸ್ವಲ್ಪವೇ ನೀರು ಹಾಕಿ, ಊಟ ತೆಳ್ಳಗೆ ಮಾಡಬೇಕಾದರೆ ಅದೇ ನೀರು ಸೇರಿಸಿ.

ಬೇಳೆ, ಮಾಂಸ, ಗಟ್ಟಿ ಗೆಡ್ಡೆಗಳಿಗೆ ಕುಕ್ಕರ್ ಸರಿ. ಮನೆಮಂದಿಯ ಊಟ ಬೇಯುವಾಗಲೇ ಮಗುವಿನ ಪಾಲನ್ನು ಒಂದು ಸ್ಟೀಲ್ ಬಟ್ಟಲಲ್ಲಿ ಉಪ್ಪು ಹಾಕದೆ ಒಳಗಿಟ್ಟುಬಿಡಿ. ಬೇರೆ ಪಾತ್ರೆ, ಬೇರೆ ಒಲೆ, ಬೇರೆ ಸಮಯ ಬೇಡ. ಬೆಂದಿದೆಯಾ ಅಂತ ನೋಡಲು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಸುಮ್ನೆ ಒತ್ತಿದರೇ ಹಿಸುಕಿ ಹೋಗಬೇಕು, ಯಾಕೆಂದರೆ ಹಲ್ಲಿಲ್ಲದ ಒಸಡು ಮಾಡುವ ಕೆಲಸವೂ ಅಷ್ಟೇ.

ಬೇಯಿಸಿ ಅರೆದು ಎಲ್ಲ ಒಂದರಲ್ಲೇ ಮಾಡುವ ಬೇಬಿ ಫುಡ್ ಮೇಕರ್ ತಗೊಳ್ಳಬಹುದಾ?

ಅನುಕೂಲ ಇದ್ದರೆ ತಗೊಳ್ಳಿ, ತಪ್ಪೇನಿಲ್ಲ. ಅವಳಿ ಮಕ್ಕಳಿರುವ ಮನೆಯಲ್ಲಿ, ಅಥವಾ ಒಲೆ ಮುಂದೆ ನಿಲ್ಲಲು ಯಾರೂ ಇಲ್ಲದ ಮನೆಯಲ್ಲಿ ಅದು ಉಪಕಾರವೇ. ಆದರೆ ನುಣ್ಣಗಿನ ಊಟದ ಕಾಲ ಎಷ್ಟು ದಿನ ಇರುತ್ತದೆ ಅಂತ ಒಮ್ಮೆ ಯೋಚಿಸಿ. 6 ತಿಂಗಳಿಗೆ ಶುರು, 8 ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ತುಂಡುಗಳು, 12 ತಿಂಗಳಿಗೆ ಹೆಚ್ಚಿನ ಮಕ್ಕಳು ಮನೆಯವರ ಊಟಕ್ಕೇ ಬರುತ್ತಾರೆ. ಹೆಚ್ಚೆಂದರೆ ಎರಡು ಮೂರು ತಿಂಗಳ ಕೆಲಸ. ಅದರ ನೀರಿನ ತೊಟ್ಟಿಯಲ್ಲಿ ಸುಣ್ಣ ಕಟ್ಟುತ್ತದೆ, ಬಿಡಿಭಾಗಗಳಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ಎಲ್ಲ ಬಿಚ್ಚಿ ತೊಳೆಯಬೇಕು. ಇನ್ನೊಂದು ಅಂಜಿಕೆಯೂ ನನಗಿದೆ. ಯಂತ್ರ ಇದೆ ಅಂತ ಒಂದು ವರ್ಷ ಕಳೆದರೂ ನುಣ್ಣಗೇ ಮಾಡಿ ಕೊಡುವವರನ್ನು ನೋಡಿದ್ದೇನೆ.

ನುಣ್ಣಗಿನಿಂದ ತರಿತರಿಗೆ ಯಾವಾಗ ಹೋಗಬೇಕು? ಅದಕ್ಕೆ ಯಾವ ಸಾಮಾನು?

ನಾವು ಅಂದುಕೊಳ್ಳುವುದಕ್ಕಿಂತ ಬೇಗ. ಗಂಟುಗಂಟಾದ ಊಟ ಕೊಡುವುದನ್ನು 10 ತಿಂಗಳಿಗಿಂತ ಮುಂದೆ ಹಾಕಿದರೆ ಮುಂದೆ ಊಟದ ತಕರಾರುಗಳು ಹೆಚ್ಚಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಹಲ್ಲು ಬರಲಿ ಅಂತ ಕಾಯಬೇಡಿ. ಒಸಡು ಸಾಕಷ್ಟು ಗಟ್ಟಿ ಇರುತ್ತದೆ. ಊಟವನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ ಅಗಿಯುವುದು ಮಗು ಕಲಿಯಬೇಕಾದ ಕೆಲಸ. ನುಣ್ಣಗಿನದೇ ಕೊಡುತ್ತಿದ್ದರೆ ಅದನ್ನು ಕಲಿಯುವ ಅವಕಾಶವೇ ಸಿಗುವುದಿಲ್ಲ, ಅಲ್ವಾ?

ನನ್ನ ದೊಡ್ಡ ಮಗಳು 9 ತಿಂಗಳಾದರೂ ಒಂದು ಅನ್ನದ ಅಗುಳು ಸಿಕ್ಕರೆ ಉಗಿಯುತ್ತಿದ್ದಳು. ನಾನು ಪ್ರತಿದಿನ ಮಿಕ್ಸಿ ಹಾಕುತ್ತಿದ್ದೆ. ಒಂದು ವಾರ ಮಿಕ್ಸಿ ಒಳಗಿಟ್ಟು ಬರೀ ಜರಡಿ ಉಪಯೋಗಿಸಿದೆ. ಮುಂದಿನ ವಾರ ಫೋರ್ಕಿನಿಂದ ಚೆನ್ನಾಗಿ ಹಿಸುಕಿದೆ. ಅದರ ಮುಂದಿನ ವಾರ ಅರ್ಧಂಬರ್ಧ ಹಿಸುಕಿದೆ. ಮೂರು ವಾರದಲ್ಲಿ ಬಾಯಿ ಆಡಿಸಲು ಕಲಿತಳು. ಎರಡನೆಯವನಿಗೆ ಶುರುವಿನಿಂದಲೇ ಫೋರ್ಕ್ ಹಿಡಿದೆ.

ಹಾಗಾಗಿ ನನ್ನ ಕ್ರಮ ಹೀಗೆ: ಮೊದಲು ಜರಡಿ, ಆಮೇಲೆ ಫೋರ್ಕ್, ಆಮೇಲೆ ಚಾಕು ಮತ್ತು ಕತ್ತರಿ.

ಕತ್ತರಿಯಾ? ಅಡುಗೆಗೆ?

ಹೌದು. ಅಡುಗೆಮನೆಗೆಂದೇ ಬೇರೆಯಾಗಿ ಇಟ್ಟ ಕತ್ತರಿ. ವರ್ಷ ದಾಟಿದ ಮಗು ನಮ್ಮ ತಟ್ಟೆಯದನ್ನೇ ಕೇಳುತ್ತದೆ. ನೂಡಲ್ಸ್, ಸೊಪ್ಪು, ಕೋಳಿ ಮಾಂಸ, ಆಮ್ಲೆಟ್ ಏನೇ ಇರಲಿ, ಬಟ್ಟಲಲ್ಲೇ ಕಚಕಚ ಕತ್ತರಿಸಿದರೆ ಕ್ಷಣದಲ್ಲಿ ಆಯಿತು. ಮಣೆ ಬೇಡ, ಚಾಕು ಬೇಡ. ಎರಡು ತುಂಡಾಗಿ ಬಿಚ್ಚಿಕೊಳ್ಳುವ ಕತ್ತರಿ ಕೊಳ್ಳಿ. ತಿರುಗುಮೊಳೆಯ ಹತ್ತಿರ ಕೊಳೆ ಕೂರುತ್ತದೆ, ಬಿಚ್ಚದಿದ್ದರೆ ಅದು ಹೋಗುವುದಿಲ್ಲ.

ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಕತ್ತರಿಸುವುದು ಹೇಗೆ?

ಈ ಉತ್ತರವನ್ನು ದಯವಿಟ್ಟು ನಿಧಾನವಾಗಿ ಓದಿ. ಮಗುವಿನ ಉಸಿರು ಕೊಳವೆ ಬಹಳ ಕಿರಿದು. ದುಂಡಗಿನ, ಜಾರುವ, ಗಟ್ಟಿಯಾದ ತುಂಡು ಅದಕ್ಕೆ ಬಿರಡೆಯ ಹಾಗೆ ಕೂತುಬಿಡುತ್ತದೆ. ಆಕಾರ ಬದಲಾಯಿಸುವುದು ಚಾಕುವಿನ ಕೆಲಸ.

ದ್ರಾಕ್ಷಿ, ಸಣ್ಣ ಟೊಮೇಟೊಗಳನ್ನು ಅಡ್ಡಕ್ಕೆ ಕತ್ತರಿಸಿದರೆ ದುಂಡಗೇ ಉಳಿಯುತ್ತವೆ. ಉದ್ದಕ್ಕೆ ನಾಲ್ಕು ಸೀಳು ಮಾಡಿ, ಬೀಜ ತೆಗೆಯಿರಿ. ಸಾಸೇಜನ್ನು ಬಿಲ್ಲೆ ಬಿಲ್ಲೆಯಾಗಿ ಕೊಡಬೇಡಿ, ಅದನ್ನೂ ಉದ್ದಕ್ಕೆ ತೆಳ್ಳಗೆ ಸೀಳಬೇಕು. ಹಸಿ ಕ್ಯಾರೆಟ್, ಗಟ್ಟಿ ಸೇಬಿನ ತುಂಡು ಬೇಡ. ಇವನ್ನು ತುರಿಮಣೆಯ ಸಣ್ಣ ಕಣ್ಣಿನಲ್ಲಿ ತುರಿಯಿರಿ, ಇಲ್ಲವೇ ಬೇಯಿಸಿ. ಇಡೀ ಬೀಜಗಳು, ಅಂದರೆ ಬಾದಾಮಿ, ಕಡಲೆಕಾಯಿ ಬೀಜದಂಥವು 5 ವರ್ಷದೊಳಗಿನ ಮಕ್ಕಳ ಕೈಗೆ ಸಿಗಲೇಬಾರದು. ಇವನ್ನು ನುಣ್ಣಗೆ ಪುಡಿ ಮಾಡಿ ಊಟದಲ್ಲಿ ಕಲಸಬಹುದು. ಇವುಗಳ ಬೆಣ್ಣೆಯನ್ನೂ ಉಂಡೆಯಾಗಿ ಕೊಡದೆ ತೆಳ್ಳಗೆ ಸವರಿ ಅಥವಾ ನೀರಿನಲ್ಲಿ ಕದಡಿ. ಪಾಪ್‌ಕಾರ್ನ್ ಬೇಡವೇ ಬೇಡ.

ಅಲೆಅಲೆಯಾಗಿ ಕತ್ತರಿಸುವ ಚಾಕು ಒಂದಿದೆ. ನೋಡಲು ಆಟದ ಸಾಮಾನಿನ ಹಾಗೆ ಕಂಡರೂ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮಾವು, ಬೆಣ್ಣೆಹಣ್ಣು, ಬೆಂದ ತರಕಾರಿ ಜಾರುತ್ತವೆ. ಗೀರು ಬಿದ್ದರೆ ಪುಟ್ಟ ಬೆರಳಿಗೆ ಹಿಡಿತ ಸಿಗುತ್ತದೆ. ಮೊದಮೊದಲು ದೊಡ್ಡವರ ಬೆರಳಿನಷ್ಟು ಉದ್ದದ ತುಂಡು ಕೊಡಿ. ಆಗ ಮುಷ್ಟಿಯಲ್ಲಿ ಹಿಡಿದ ಮೇಲೂ ತುದಿ ಹೊರಗೆ ಉಳಿಯುತ್ತದೆ.

ಯಾವ ಸಾಮಾನು ಇದ್ದರೂ, ತಿನ್ನುವಾಗ ಮಗು ನೆಟ್ಟಗೆ ಕೂತಿರಬೇಕು, ಪಕ್ಕದಲ್ಲಿ ದೊಡ್ಡವರು ಇರಲೇಬೇಕು.

ನುಣ್ಣಗೆ ಅರೆದರೆ ಎಲ್ಲವನ್ನೂ ಕೊಡಬಹುದಾ?

ಇಲ್ಲ. ಜೇನುತುಪ್ಪವನ್ನು 12 ತಿಂಗಳು ತುಂಬುವವರೆಗೆ ಯಾವ ರೂಪದಲ್ಲೂ ಕೊಡಬಾರದು. ಅದರಲ್ಲಿ ಬಾಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಮನೆಯ ಒಲೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ. ಉಪ್ಪು, ಸಕ್ಕರೆಯೂ ಆ ವಯಸ್ಸಿಗೆ ಬೇಡ.

ಒಂದೇ ಸಲ ಜಾಸ್ತಿ ಮಾಡಿ ಇಡಬಹುದಾ? ಅದಕ್ಕೆ ಏನು ಬೇಕು?

ಮುಚ್ಚಳವಿರುವ ಐಸ್ ಟ್ರೇ. ಸಿಲಿಕೋನ್‌ನದಾದರೆ ಒತ್ತಿ ತೆಗೆಯುವುದು ಸುಲಭ. ಒಂದು ಗುಂಡಿಯಲ್ಲಿ ಸುಮಾರು ಎರಡು ಟೇಬಲ್ ಚಮಚ ಹಿಡಿಸಿದರೆ ಅಳತೆಗೂ ಚೆನ್ನ. ಅರೆದ ತರಕಾರಿ, ಬೇಳೆ, ಮಾಂಸ ತುಂಬಿಸಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಗಾಳಿಯಾಡದ ಚೀಲಕ್ಕೆ ಹಾಕಿ, ಮೇಲೆ ಏನು, ಯಾವತ್ತಿನದು ಅಂತ ಬರೆಯಿರಿ. ಬರೆಯದೆ ಇಟ್ಟರೆ ಹತ್ತು ದಿನಕ್ಕೆ ಕುಂಬಳಕಾಯಿ ಯಾವುದು ಸಿಹಿಗೆಣಸು ಯಾವುದು ಗೊತ್ತಾಗುವುದಿಲ್ಲ.

ಮನೆಯಲ್ಲಿ ಮಾಡಿದ್ದನ್ನು ಫ್ರಿಜ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗೆ 1ರಿಂದ 2 ದಿನ ಇಡಬಹುದು. ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ 1ರಿಂದ 2 ತಿಂಗಳು. ಬೇಯಿಸಿದ್ದು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು. ಬೇಗ ಆರಲು ಅಗಲ ತಟ್ಟೆಯಲ್ಲಿ ಹರಡಿ. ಅನ್ನದ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು, ಕುದಿಸಿದರೂ ಸಾಯದ ಒಂದು ಬಗೆಯ ಬೀಜಾಣು ಅದರಲ್ಲಿರುತ್ತದೆ. ಹೊರಗೇ ಬಿಟ್ಟರೆ ಮತ್ತೆ ಮೊಳೆತು ವಿಷ ಬಿಡುತ್ತದೆ.

ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಮಗುವಿನ ಬಾಯಿಗೆ ಹೋದ ಚಮಚವನ್ನು ಇಡುವ ಡಬ್ಬಿಗೆ ಅದ್ದಬೇಡಿ. ಜೊಲ್ಲಿನಲ್ಲಿರುವ ಕ್ರಿಮಿ ಅದರಲ್ಲಿ ಬೆಳೆಯುತ್ತದೆ. ತಿನ್ನುವಷ್ಟನ್ನೇ ಬಟ್ಟಲಿಗೆ ತೆಗೆದುಕೊಳ್ಳಿ, ಉಳಿದರೆ ಚೆಲ್ಲಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ ನಿಜ, ಆದರೂ ಚೆಲ್ಲಿ.

ಬಿಸಿ ಮಾಡುವಾಗ ಥರ್ಮಾಮೀಟರ್ ಬೇಕಾ?

ಮಾಂಸ, ಮೊಟ್ಟೆ ಕೊಡುವ ಮನೆಯಾದರೆ ಚುಚ್ಚಿ ನೋಡುವ ಥರ್ಮಾಮೀಟರ್ ಒಳ್ಳೆಯದು. ಕೋಳಿ ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿರಬೇಕು. ಫ್ರಿಜ್‌ನಿಂದ ತೆಗೆದ ಊಟವನ್ನೂ ಅಷ್ಟೇ ಬಿಸಿ ಮಾಡಿ, ಆಮೇಲೆ ಉಗುರುಬೆಚ್ಚಗಾಗಲು ಬಿಡಿ. ಮೈಕ್ರೋವೇವ್‌ನಲ್ಲಿ ಊಟ ಎಲ್ಲ ಕಡೆ ಸಮ ಬಿಸಿಯಾಗುವುದಿಲ್ಲ. ಅಂಚು ತಣ್ಣಗಿದ್ದು ನಡುವೆ ನಾಲಿಗೆ ಸುಡುವಷ್ಟು ಬಿಸಿ ಇರಬಹುದು. ಚೆನ್ನಾಗಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಮಣಿಕಟ್ಟಿನ ಮೇಲೆ ಇಟ್ಟು ನೋಡಿ.

ಪ್ಲಾಸ್ಟಿಕ್, ಸ್ಟೀಲ್, ಗಾಜು, ಸಿಲಿಕೋನ್: ಯಾವುದು ಒಳ್ಳೆಯದು?

ಬಿಸಿಗೆ ಸ್ಟೀಲ್ ಅಥವಾ ಗಾಜು. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಬಿಪಿಎ ಎಂಬ ರಾಸಾಯನಿಕವನ್ನು ಮಕ್ಕಳ ಹಾಲಿನ ಬಾಟಲಿಗಳಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2011ರಲ್ಲಿ ನಿಲ್ಲಿಸಿತು, ಅಮೆರಿಕ 2012ರಲ್ಲಿ. ಆದರೆ 'ಬಿಪಿಎ ಇಲ್ಲ' ಅಂತ ಬರೆದಿದ್ದರೆ ಆ ಒಂದು ವಸ್ತು ಇಲ್ಲ ಅಂತ ಮಾತ್ರ ಅರ್ಥ. ಅಮೆರಿಕದ ಮಕ್ಕಳ ವೈದ್ಯರ ಸಂಘ 2018ರಲ್ಲಿ, ಪ್ಲಾಸ್ಟಿಕ್‌ನಲ್ಲಿ ಊಟವನ್ನು ಮೈಕ್ರೋವೇವ್ ಮಾಡಬೇಡಿ, ಅಡಿಯಲ್ಲಿ 3, 6, 7 ಅಂಕಿ ಇರುವ ಪ್ಲಾಸ್ಟಿಕ್‌ಗಳನ್ನು ಆದಷ್ಟು ಬಿಡಿ ಎಂದು ಸಲಹೆ ಕೊಟ್ಟಿತು. ಗೀರು ಬಿದ್ದ, ಮಸುಕಾದ ಪ್ಲಾಸ್ಟಿಕ್ ಬಟ್ಟಲನ್ನು ಮಗುವಿನ ಊಟಕ್ಕೆ ಇಟ್ಟುಕೊಳ್ಳಬೇಡಿ.

ಗಾಜಿನ ಡಬ್ಬಿಯನ್ನು ಫ್ರೀಜರಿಗೆ ಇಡುವಾಗ ಬಾಯಿತನಕ ತುಂಬಿಸಬೇಡಿ. ಊಟದಲ್ಲಿರುವ ನೀರು ಹೆಪ್ಪುಗಟ್ಟುವಾಗ ಹಿಗ್ಗಿ ಗಾಜು ಒಡೆಯುತ್ತದೆ. ಸಿಲಿಕೋನ್ ಬಿಸಿ ತಡೆಯುತ್ತದೆ, ಆದರೆ ಸೋಪು ಮತ್ತು ಊಟದ ವಾಸನೆ ಹಿಡಿದುಕೊಳ್ಳುತ್ತದೆ. ವಾಸನೆ ಬಂದರೆ ಬರೀ ನೀರಿನಲ್ಲಿ ಹತ್ತು ನಿಮಿಷ ಕುದಿಸಿ.

ಚಮಚ, ಬಟ್ಟಲು, ಲೋಟ ಹೇಗಿರಬೇಕು?

ಚಮಚ ಚಿಕ್ಕದು, ಆಳ ಕಡಿಮೆ, ಅಂಚು ಮೆತ್ತಗೆ. ಇನ್ನೊಂದು ಚಮಚ ಮಗುವಿನ ಕೈಗೆ ಕೊಡಿ, ನಿಮ್ಮ ಕೈಯಲ್ಲಿರುವುದನ್ನು ಕಿತ್ತುಕೊಳ್ಳುವುದು ಅರ್ಧ ಕಡಿಮೆಯಾಗುತ್ತದೆ. ಅಡಿಯಲ್ಲಿ ಅಂಟಿಕೊಳ್ಳುವ ಬಟ್ಟಲು ನುಣುಪಾದ ಮೇಜಿನ ಮೇಲೆ ಮಾತ್ರ ನಿಲ್ಲುತ್ತದೆ. ಅಡಿ ಸ್ವಲ್ಪ ಒದ್ದೆ ಮಾಡಿ ಒತ್ತಿ. ಗೆರೆಗೆರೆ ಇರುವ ಮರದ ಮೇಜಾದರೆ ಕೊಳ್ಳಲೇಬೇಡಿ. ಲೋಟ 6 ತಿಂಗಳಿಂದಲೇ ಬಾಯಿ ತೆರೆದದ್ದು ಇರಲಿ, ಚಿಕ್ಕದು, ಒಂದು ಗುಟುಕು ನೀರು ಹಾಕಿ. ಚೆಲ್ಲಿಕೊಳ್ಳುತ್ತಾ ಕಲಿಯಲಿ.

ಬಲೆಯೊಳಗೆ ಹಣ್ಣು ಹಾಕಿ ಚೀಪಲು ಕೊಡುವ ಫೀಡರ್?

ಹಲ್ಲು ಬರುವಾಗ ತಣ್ಣಗಿನ ಹಣ್ಣು ಚೀಪಿಸಲು ಸರಿ, ಊಟದ ಬದಲಿಗೆ ಬೇಡ. ಚೀಪುವುದರಿಂದ ಅಗಿಯುವುದು ಬರುವುದಿಲ್ಲ. ಬಟ್ಟೆಯ ಬಲೆ ತೊಳೆಯುವುದು ಕಷ್ಟ, ಬೂಸ್ಟು ಹಿಡಿಯುತ್ತದೆ. ತೂತಿರುವ ಸಿಲಿಕೋನ್‌ನದು ಪರವಾಗಿಲ್ಲ.

ದಿನಾ ಎಲ್ಲವನ್ನೂ ಕುದಿಸಬೇಕಾ?

ಊಟದ ಬಟ್ಟಲು, ಚಮಚ, ಜರಡಿಗಳನ್ನು ಬಿಸಿನೀರು ಮತ್ತು ಸೋಪಿನಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿದರೆ ಸಾಕು. ಹಾಲಿನ ಬಾಟಲಿಯ ನಿಯಮ ಬೇರೆ, ಅದನ್ನು ಕುದಿಸುವುದು ಮುಂದುವರಿಸಿ. ತಿಂಗಳು ತುಂಬುವ ಮುಂಚೆ ಹುಟ್ಟಿದ ಅಥವಾ ಕಾಯಿಲೆಯಿರುವ ಮಗುವಾದರೆ ವೈದ್ಯರನ್ನು ಕೇಳಿ. ಕೊಳೆ ಅಡಗುವುದು ಮಿಕ್ಸಿ ಮುಚ್ಚಳದ ರಬ್ಬರಿನಲ್ಲಿ, ಬ್ಲೇಡಿನ ಬುಡದಲ್ಲಿ, ಲೋಟದ ಸ್ಟ್ರಾ ಒಳಗೆ. ರಬ್ಬರನ್ನು ಪ್ರತಿ ಸಲ ಬಿಡಿಸಿ ತೊಳೆಯಿರಿ. ಹಸಿ ಮಾಂಸ ಕತ್ತರಿಸುವ ಮಣೆಯೂ ಹಣ್ಣು ಕತ್ತರಿಸುವ ಮಣೆಯೂ ಬೇರೆ ಬೇರೆ ಇರಲಿ.

ಹೊರಗೆ ಹೋಗುವಾಗ ಊಟವನ್ನು ಹೇಗೆ ಒಯ್ಯಬೇಕು?

ಅಗಲ ಬಾಯಿಯ ಸ್ಟೀಲ್ ಥರ್ಮಾಸ್ ಫ್ಲಾಸ್ಕ್. ಮೊದಲು ಕುದಿಯುವ ನೀರು ತುಂಬಿಸಿ ಹತ್ತು ನಿಮಿಷ ಇಡಿ, ಚೆಲ್ಲಿ, ತಕ್ಷಣ ಕುದಿಯುತ್ತಿರುವ ಊಟ ತುಂಬಿಸಿ. ಊಟ 60 ಡಿಗ್ರಿಗಿಂತ ಮೇಲೆ ಇರುವವರೆಗೆ ಕ್ರಿಮಿ ಬೆಳೆಯುವುದಿಲ್ಲ. ತೆರೆದಾಗ ಹಬೆ ಬರದಿದ್ದರೆ, ಬರೀ ಬೆಚ್ಚಗಿದ್ದರೆ, ಕೊಡಬೇಡಿ. ಆ ಹೊತ್ತಿಗೆ ಚೀಲದಲ್ಲಿ ಒಂದು ಬಾಳೆಹಣ್ಣು ಮತ್ತು ಫೋರ್ಕ್ ಇಟ್ಟುಕೊಂಡಿರಿ.